ಸೆಕೆಯ ಊರಿನಲ್ಲಿ ನಿಕೋಟಿನ್ ಪ್ಯಾಚ್

ಮೇ ತಿಂಗಳ ಕಾರವಾರದಲ್ಲಿ ಸಿಗರೇಟು ಬಿಡಲೆಂದು ಬೆಳಿಗ್ಗೆ ಎಂಟಕ್ಕೆ ತೋಳಿಗೆ ಹಚ್ಚಿದ ನಿಕೋಟಿನ್ ಪ್ಯಾಚ್ ಹನ್ನೊಂದರ ಹೊತ್ತಿಗೆ ಬನಿಯನ್ನಿನ ಒಳಮೈಗೆ ಅಂಟಿಕೊಂಡಿರುತ್ತದೆ. ಅದು ಮೈಮೇಲಿಲ್ಲ ಎಂದು ಗೊತ್ತಾಗುವುದು ರಾತ್ರಿ ಬಟ್ಟೆ ಬದಲಿಸುವಾಗ. ಅಷ್ಟರಲ್ಲಿ ಊಟವಾದ ಮೇಲೆ ತಲೆ ಕೆಟ್ಟು, ಮನೆಯವರ ಮೇಲೆ ರೇಗಿ, ಸಂಜೆ ಗೂಡಂಗಡಿಯ ಮುಂದೆ ನಿಂತು ಒಂದು ಸಿಗರೇಟು ಹಚ್ಚಿಯೂ ಆಗಿರುತ್ತದೆ. "ಪ್ಯಾಚೂ ನೋಡಿದೆ ಮಾರಾಯ, ನಮ್ಮಂಥವರಿಗೆ ಅದು ಹಿಡಿಯೂದಿಲ್ಲ" ಎಂಬ ಮಾತು ಹುಟ್ಟುವುದು ಹೀಗೆ. ಹಿಡಿಯದೇ ಹೋದದ್ದು ಅಂಟು.

ಪ್ಯಾಚ್ ಕೈಕೊಟ್ಟಿತು ಎನ್ನುವವರ ಮಾತನ್ನು ಬಿಡಿಸಿ ಕೇಳಿದರೆ ಕಾರಣ ಹೆಚ್ಚುಕಡಿಮೆ ಇಷ್ಟರೊಳಗೇ ಇರುತ್ತದೆ: ಸರಿಯಾಗಿ ಅಂಟಿಲ್ಲ, ಸೇದುತ್ತಿದ್ದ ಪ್ರಮಾಣಕ್ಕೆ ಡೋಸು ಸಾಲದು, ಹತ್ತು ವಾರದ ಕೆಲಸವನ್ನು ಹತ್ತು ದಿನಕ್ಕೆ ನಿಲ್ಲಿಸಿದ್ದಾರೆ, ಇಲ್ಲವೇ ಸಿಗರೇಟು ಬಿಟ್ಟು ಹೊಗೆಸೊಪ್ಪಿನ ಕವಳ (ತಂಬಾಕು ಸೇರಿಸಿದ ಎಲೆ-ಅಡಿಕೆ) ಹಿಡಿದಿದ್ದಾರೆ. ಕೊನೆಯದು ನಮ್ಮ ಜಿಲ್ಲೆಯದೇ ಖಾಯಿಲೆ. ಅದಕ್ಕೆ ಆಮೇಲೆ ಬರೋಣ.

ಮೊದಲು ಈ ಪ್ಯಾಚ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ಗೊತ್ತಿರಬೇಕು. ಸಿಗರೇಟಿನ ಒಂದು ದಮ್ಮು ಎಳೆದರೆ ನಿಕೋಟಿನ್ ಶ್ವಾಸಕೋಶದಿಂದ ಮಿದುಳಿಗೆ ತಲುಪಲು 10ರಿಂದ 20 ಸೆಕೆಂಡು ಸಾಕು. ಒಂದು ಸಿಗರೇಟಿನಿಂದ ಮೈಗೆ ಸೇರುವುದು ಸುಮಾರು 1ರಿಂದ 2 ಮಿಲಿಗ್ರಾಂ. ಪ್ಯಾಚಿನ ನಿಕೋಟಿನ್ ಚರ್ಮದ ಪದರಗಳನ್ನು ದಾಟಿ ರಕ್ತಕ್ಕೆ ಇಳಿಯಬೇಕು, ಅದಕ್ಕೆ ಗಂಟೆಗಟ್ಟಲೆ ಹೊತ್ತು ಬೇಕು. ಮಟ್ಟ ಮೇಲಕ್ಕೆ ಬರಲು 2 ಗಂಟೆಯಿಂದ ಹಿಡಿದು 10 ಗಂಟೆಯವರೆಗೂ ಆಗುತ್ತದೆ, ಒಂದು ಸಮಕ್ಕೆ ನಿಲ್ಲುವುದು ಎರಡನೆಯ ಅಥವಾ ಮೂರನೆಯ ದಿನ. ಅಡಿಕೆ ಮರದ ಬುಡಕ್ಕೆ ಕೊಡದಿಂದ ನೀರು ಸುರಿಯುವುದಕ್ಕೂ ಹನಿ ನೀರಾವರಿಗೂ ಎಷ್ಟು ವ್ಯತ್ಯಾಸವೋ ಅಷ್ಟು. ಹಾಗಾಗಿ ಪ್ಯಾಚ್ ಹಚ್ಚಿದ ಅರ್ಧ ಗಂಟೆಗೆ 'ಏನೂ ಅನಿಸ್ತಾ ಇಲ್ಲ' ಎಂದರೆ ಅದು ದೋಷವಲ್ಲ. ಏನೂ ಅನಿಸಬಾರದು. ಸಿಟ್ಟು, ಚಡಪಡಿಕೆ, ನಿದ್ದೆಗೇಡು, ಮನಸ್ಸು ನಿಲ್ಲದಿರುವುದು ಇವನ್ನೆಲ್ಲ ತಗ್ಗಿಸಿ ಇಡುವುದಷ್ಟೇ ಅದರ ಕೆಲಸ. ಈ ತೊಂದರೆಗಳು ಜೋರಾಗಿರುವುದು ಮೊದಲ ಎರಡು-ಮೂರು ದಿನ, ಪೂರ್ತಿ ಇಳಿಯಲು ಎರಡರಿಂದ ನಾಲ್ಕು ವಾರ.

'ನಿಕೋಟಿನ್ ಬಿಡಲು ನಿಕೋಟಿನ್ನೇ ಯಾಕೆ' ಎಂದು ಕೇಳುವವರಿದ್ದಾರೆ. ಚಟ ಹಿಡಿಸುವುದು ನಿಕೋಟಿನ್, ನಿಜ. ಶ್ವಾಸಕೋಶ ಕೆಡಿಸುವುದು, ಕ್ಯಾನ್ಸರ್ ತರುವುದು, ಹೃದಯಕ್ಕೆ ಪೆಟ್ಟು ಕೊಡುವುದು ಮುಖ್ಯವಾಗಿ ಹೊಗೆಯಲ್ಲಿರುವ ಟಾರು, ಕಾರ್ಬನ್ ಮೊನಾಕ್ಸೈಡು ಮತ್ತು ಇತರ ಸಾವಿರಾರು ರಾಸಾಯನಿಕಗಳು. ಪ್ಯಾಚಿನಲ್ಲಿ ಅವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ.

ಈಗ ಪೆಟ್ಟಿಗೆಯ ಮೇಲಿನ ಅಂಕಿ. 24 ಗಂಟೆಯ ಪ್ಯಾಚ್ ಮೂರು ಬಲದಲ್ಲಿ ಸಿಗುತ್ತದೆ: ದಿನಕ್ಕೆ 21, 14 ಮತ್ತು 7 ಮಿಲಿಗ್ರಾಂ ಬಿಡುವಂಥವು. ಕೆಲವು ಪೆಟ್ಟಿಗೆಗಳ ಮೇಲೆ 30, 20, 10 ಎಂದಿರುತ್ತದೆ. ಅದು ಪ್ಯಾಚಿನ ವಿಸ್ತೀರ್ಣ, ಚದರ ಸೆಂಟಿಮೀಟರಿನಲ್ಲಿ. ಬಿಡುವ ನಿಕೋಟಿನ್ ಅದೇ 21, 14, 7. ಇದು ಗೊತ್ತಿಲ್ಲದೆ '30 ಅಂದರೆ ಬಹಳ ಸ್ಟ್ರಾಂಗು, 10 ಕೊಡಿ' ಎಂದು ದಿನಕ್ಕೆ ಇಪ್ಪತ್ತು ಸೇದುವವರು ಎಲ್ಲಕ್ಕಿಂತ ಚಿಕ್ಕದನ್ನು ಒಯ್ಯುವುದುಂಟು. ಭಟ್ಕಳ, ಹೊನ್ನಾವರದ ಕಡೆ ಗಲ್ಫಿನಿಂದ ಬಂದವರು ತಂದುಕೊಟ್ಟ ಪೆಟ್ಟಿಗೆಯಲ್ಲಿ 25, 15, 10 ಎಂದು ಕಂಡರೆ ಅದು 16 ಗಂಟೆಯದು, ಬೆಳಿಗ್ಗೆ ಹಚ್ಚಿ ಮಲಗುವಾಗ ತೆಗೆಯುವಂಥದ್ದು. ಎರಡೂ ಬಗೆಯನ್ನು ಬೆರೆಸಿ ಬಳಸಬೇಡಿ, ಲೆಕ್ಕ ತಪ್ಪುತ್ತದೆ.

ಯಾರಿಗೆ ಯಾವುದು? ಸಾಮಾನ್ಯ ನಿಯಮ ಸರಳ. ದಿನಕ್ಕೆ 10ಕ್ಕಿಂತ ಹೆಚ್ಚು ಸೇದುವವರಿಗೆ 21ರಿಂದ ಶುರು: ಆರು ವಾರ 21, ಎರಡು ವಾರ 14, ಎರಡು ವಾರ 7. ಹತ್ತು ಅಥವಾ ಅದಕ್ಕಿಂತ ಕಡಿಮೆಯಾದರೆ ಆರು ವಾರ 14, ಎರಡು ವಾರ 7. ಕಂಪನಿಯಿಂದ ಕಂಪನಿಗೆ ಮೊದಲ ಹಂತ ನಾಲ್ಕು ವಾರವೋ ಆರೋ ಎಂಬುದು ಸ್ವಲ್ಪ ಬದಲಾಗುತ್ತದೆ. ನಿಮ್ಮ ಪೆಟ್ಟಿಗೆಯೊಳಗಿನ ಚೀಟಿಯಂತೆ ನಡೆಯಿರಿ.

ಎಣಿಕೆ ಮಾತ್ರ ನೋಡಿದರೆ ಸಾಲದು. ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಹಚ್ಚುತ್ತೀರಿ ಎಂಬುದು ಅದಕ್ಕಿಂತ ದೊಡ್ಡ ಸುಳಿವು. ತಜ್ಞರು ಬಳಸುವ ಒಂದು ಪುಟ್ಟ ಲೆಕ್ಕವಿದೆ. ಎದ್ದ 5 ನಿಮಿಷದೊಳಗೆ ಸೇದಿದರೆ 3 ಅಂಕ, 6ರಿಂದ 30 ನಿಮಿಷಕ್ಕೆ 2, 31ರಿಂದ 60 ನಿಮಿಷಕ್ಕೆ 1, ಆಮೇಲಾದರೆ ಸೊನ್ನೆ. ದಿನದ ಎಣಿಕೆ 10ರವರೆಗೆ ಸೊನ್ನೆ, 11ರಿಂದ 20ಕ್ಕೆ 1, 21ರಿಂದ 30ಕ್ಕೆ 2, ಅದಕ್ಕೂ ಮೇಲೆ 3. ಎರಡನ್ನೂ ಕೂಡಿಸಿ: 0ರಿಂದ 2 ಬಂದರೆ ಚಟ ಹಗುರ, 3–4 ಮಧ್ಯಮ, 5–6 ಬಿಗಿ. ದಿನಕ್ಕೆ ಎಂಟೇ ಸೇದುವವರು, ಆದರೆ ಮೊದಲನೆಯದು ಮುಖ ತೊಳೆಯುವ ಮೊದಲೇ ಬೇಕು ಎನ್ನುವವರಿಗೆ 14 ಸಾಲದೆ ಹೋಗಬಹುದು. ಇಂಥವರು ವೈದ್ಯರನ್ನು ಕೇಳಿಕೊಂಡು ಡೋಸು ನಿರ್ಧರಿಸುವುದು ಒಳ್ಳೆಯದು.

ಬೀಡಿ ಸೇದುವವರು ಎಣಿಕೆಯನ್ನು ನಂಬಲೇಬಾರದು. ಬೀಡಿಯಲ್ಲಿ ತಂಬಾಕು ಸಿಗರೇಟಿಗಿಂತ ಕಡಿಮೆ, ನಿಜ. ಆದರೆ ಅದರ ಖಾರ ಹೆಚ್ಚು, ಆರಿಹೋಗದಂತೆ ಇಡಲು ಮತ್ತೆ ಮತ್ತೆ ಜೋರಾಗಿ ಎಳೆಯಲೇಬೇಕು. 'ಬರೀ ಬೀಡಿ ಅಲ್ವಾ' ಎಂದು 7ರಿಂದ ಶುರು ಮಾಡಿದವರು ಮೂರನೆಯ ದಿನಕ್ಕೆ ವಾಪಸು. ದಿನಕ್ಕೊಂದು ಕಟ್ಟು ಮುಗಿಸುವವರು 21ರ ಲೆಕ್ಕದವರೇ.

ಇನ್ನು ಅಂಟಿಸುವ ವಿಷಯ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲಿ ಇದು ಅಷ್ಟು ಕಾಡುವುದಿಲ್ಲ. ಘಟ್ಟದ ಕೆಳಗೆ ಅಂಕೋಲೆ, ಕುಮಟೆ, ಕಾರವಾರದಲ್ಲಿ ಅರ್ಧ ಯುದ್ಧ ಇಲ್ಲೇ. ಶತ್ರುಗಳು ಎರಡು: ಬೆವರು ಮತ್ತು ತೆಂಗಿನೆಣ್ಣೆ. ಮೈಗೆ ಎಣ್ಣೆ ತಿಕ್ಕಿಕೊಂಡು ಬಿಸಿನೀರು ಹುಯ್ದುಕೊಂಡರೂ ಚರ್ಮದ ಮೇಲೆ ತೆಳು ಪಸೆ ಉಳಿದೇ ಇರುತ್ತದೆ, ಅದರ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ. ತಲೆಗೆ ಹಚ್ಚಿದ ಎಣ್ಣೆ ಕುತ್ತಿಗೆಯಿಂದ ಬೆನ್ನಿಗೆ ಇಳಿಯುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕ್ರಮ ಹೀಗಿರಲಿ. ಸ್ನಾನ ಮೊದಲು, ಪ್ಯಾಚ್ ಆಮೇಲೆ. ಪ್ಯಾಚ್ ಹಚ್ಚುವ ಜಾಗವನ್ನು ಸಾದಾ ಸಾಬೂನಿನಿಂದ ಎರಡು ಸಲ ತೊಳೆಯಿರಿ. ಕ್ರೀಮು ಬೆರೆತ ಸಾಬೂನು ಬೇಡ, ಅದೂ ಪಸೆ ಬಿಡುತ್ತದೆ. ಒಣ ಟವೆಲಿನಿಂದ ಒರೆಸಿ. ಬಚ್ಚಲಿನಿಂದ ಹೊರಬಂದ ಕೂಡಲೆ ಹಚ್ಚಬೇಡಿ, ಬಿಸಿನೀರಿನ ಸ್ನಾನದ ಮೇಲೆ ಹತ್ತು ನಿಮಿಷ ಮೈ ಬೆವರುತ್ತಲೇ ಇರುತ್ತದೆ. ಫ್ಯಾನಿನ ಕೆಳಗೆ ಕೂತು, ಮೈ ಆರಿದ ಮೇಲೆ ಚೀಲ ಹರಿಯಿರಿ. ಚೀಲವನ್ನು ಮೊದಲೇ ಹರಿದಿಟ್ಟರೆ ಮಳೆಗಾಲದ ತೇವಕ್ಕೆ ಅಂಟು ಹಾಳಾಗುತ್ತದೆ, ನಿಕೋಟಿನ್ನೂ ಆರಿಹೋಗುತ್ತದೆ.

ಹಿಂಬದಿಯ ಹಾಳೆಯ ಅರ್ಧ ತೆಗೆದು ಆ ಭಾಗ ಅಂಟಿಸಿ, ಉಳಿದರ್ಧವನ್ನು ಎಳೆಯುತ್ತ ಉಳಿದದ್ದನ್ನು ಕೂರಿಸಿ. ಅಂಟಿನ ಬದಿಗೆ ಬೆರಳು ತಾಗಿಸಬೇಡಿ. ಅಂಗೈಯನ್ನು ಅದರ ಮೇಲಿಟ್ಟು ಕನಿಷ್ಠ 10 ಸೆಕೆಂಡು ಬಲವಾಗಿ ಒತ್ತಿ. ಸೆಕೆಗಾಲದಲ್ಲಿ ಅರ್ಧ ನಿಮಿಷ ಒತ್ತಿದರೆ ನಷ್ಟವಿಲ್ಲ. ಬೆರಳಿನಿಂದ ಸುತ್ತಲೂ ಅಂಚನ್ನು ತೀಡಿ. ಬಿಚ್ಚಿಕೊಳ್ಳುವುದು ಯಾವಾಗಲೂ ಅಂಚಿನಿಂದ. ಆಮೇಲೆ ಕೈಯನ್ನು ಬರೀ ನೀರಿನಲ್ಲಿ ತೊಳೆಯಿರಿ. ಸಾಬೂನು ಹಾಕಿದರೆ ಬೆರಳಿಗೆ ಹತ್ತಿದ ನಿಕೋಟಿನ್ ಚರ್ಮದೊಳಗೆ ಇನ್ನಷ್ಟು ಇಳಿಯಬಹುದು, ತೊಳೆಯದ ಕೈಯಿಂದ ಕಣ್ಣುಜ್ಜಿದರೆ ಉರಿ.

ಜಾಗ ಯಾವುದು? ಕೂದಲಿಲ್ಲದ, ಗಾಯವಿಲ್ಲದ ಚರ್ಮ: ತೋಳಿನ ಮೇಲ್ಭಾಗದ ಹೊರಮಗ್ಗುಲು, ಎದೆಯ ಮೇಲ್ಭಾಗ, ಬೆನ್ನಿನ ಮೇಲ್ಭಾಗ, ಸೊಂಟದ ಪಕ್ಕ. ಎದೆಯಲ್ಲಿ ಕೂದಲಿದ್ದರೆ ಕತ್ತರಿಯಿಂದ ಕಿರಿದು ಮಾಡಿ. ರೇಜರಿನಿಂದ ಬೋಳಿಸಿದ ಹಸಿ ಚರ್ಮಕ್ಕೆ ಹಚ್ಚಿದರೆ ಉರಿಯುತ್ತದೆ. ಲುಂಗಿಯ ಗಂಟು, ಬೆಲ್ಟು ಕೂರುವ ಸಾಲನ್ನು ಬಿಡಿ. ಬಲೆ ಎಳೆಯುವವರಿಗೆ ತೋಳಿಗಿಂತ ಬೆನ್ನು ವಾಸಿ. ಅಡಿಕೆ ಮರ ಹತ್ತುವ ಕೊನೆಗೌಡರಿಗೆ ಎದೆ, ತೋಳು ಎರಡೂ ಮರಕ್ಕೆ ಉಜ್ಜುತ್ತವೆ, ಅವರಿಗೂ ಹೆಗಲ ಹಿಂದೆಯೇ ಸರಿ, ಮನೆಯಲ್ಲಿ ಯಾರಾದರೂ ಹಚ್ಚಿಕೊಡಬೇಕು. ಇಷ್ಟು ಮಾಡಿಯೂ ನಿಲ್ಲದಿದ್ದರೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಕಾಗದದಂಥ ಬಿಳಿ ಟೇಪನ್ನು ನಾಲ್ಕೂ ಅಂಚಿಗೆ ಹಾಕಿ. ಬ್ರೌನ್ ಟೇಪು, ಸೆಲ್ಲೋಟೇಪು ಹಾಕಿ ಚರ್ಮ ಸುಲಿಸಿಕೊಂಡವರಿದ್ದಾರೆ. ಬೇಡ.

ಚೆನ್ನಾಗಿ ಅಂಟಿದ ಪ್ಯಾಚಿಗೆ ನೀರು ತಾಗಿದರೆ ತೊಂದರೆಯಿಲ್ಲ. ಮಳೆಯಲ್ಲಿ ನೆನೆಯಬಹುದು, ಸಮುದ್ರಕ್ಕೂ ಇಳಿಯಬಹುದು. ತೊಂದರೆ ಬಿಸಿಯಿಂದ. ಹಂಡೆಯ ಸುಡುನೀರಿನಲ್ಲಿ ಬಹಳ ಹೊತ್ತು ಮೀಯುವುದು, ಅದರ ಮೇಲೆ ಶಾಖ ಕೊಡುವ ಚೀಲ ಇಟ್ಟುಕೊಳ್ಳುವುದು, ಜೋರು ಜ್ವರ ಇವು ಚರ್ಮದ ರಕ್ತ ಸಂಚಾರ ಹೆಚ್ಚಿಸಿ ಒಮ್ಮೆಲೇ ಹೆಚ್ಚು ನಿಕೋಟಿನ್ ಇಳಿಸುತ್ತವೆ. ಬಿಸಿನೀರಿನ ಸ್ನಾನದ ನಡುವೆ ತಲೆ ಸುತ್ತಿ ಎದೆ ಬಡಿದುಕೊಂಡರೆ ಕಾರಣ ಅದೇ ಇರಬಹುದು.

ಬಿದ್ದುಹೋದರೆ ಹೊಸದನ್ನು ಬೇರೆ ಜಾಗಕ್ಕೆ ಹಚ್ಚಿ, ಮಾರನೆಯ ದಿನ ಎಂದಿನ ಹೊತ್ತಿಗೇ ಬದಲಿಸಿ. ಮರೆತಿದ್ದರೆ ನೆನಪಾದಾಗ ಹಚ್ಚಿ. ಒಂದು ತಪ್ಪಿತೆಂದು ಎರಡು ಒಟ್ಟಿಗೆ ಹಚ್ಚಬಾರದು. ಉಳಿತಾಯಕ್ಕೆಂದು 21ರದ್ದನ್ನು ಕತ್ತರಿಸಿ ಎರಡು ದಿನ ಬಳಸುವುದೂ ಬೇಡ. ಕತ್ತರಿಸಿದ ಬದಿಯಿಂದ ಔಷಧಿ ಎಷ್ಟು ಬೇಗ ಬರುತ್ತದೆ ಎಂಬ ಲೆಕ್ಕ ಕೈಬಿಟ್ಟು ಹೋಗುತ್ತದೆ.

ಒಂದೇ ಜಾಗಕ್ಕೆ ದಿನಾ ಹಚ್ಚಿದರೆ ಚರ್ಮ ಕೆಂಪಾಗಿ ತುರಿಸುತ್ತದೆ. ಇಂದು ಬಲತೋಳು, ನಾಳೆ ಎಡತೋಳು, ನಾಡಿದ್ದು ಬೆನ್ನಿನ ಬಲಬದಿ ಹೀಗೆ ಸರಿಸುತ್ತ ಹೋಗಿ, ಅದೇ ಜಾಗಕ್ಕೆ ಒಂದು ವಾರ ಮರಳಬೇಡಿ. ಹಚ್ಚಿದ ಮೊದಲ ಗಂಟೆ ಸಣ್ಣಗೆ ಚುರುಚುರು ಎನ್ನುವುದು ಸಹಜ, ತೆಗೆದ ಮೇಲೆ ಚೌಕಾಕಾರದ ಕೆಂಪು ಒಂದು ದಿನ ಉಳಿಯುವುದೂ ಸಹಜ. ಬಹಳ ತುರಿಸಿದರೆ 1 ಶೇಕಡಾ ಹೈಡ್ರೋಕಾರ್ಟಿಸೋನ್ ಮುಲಾಮನ್ನು, ಪ್ಯಾಚ್ ತೆಗೆದಾದ ಮೇಲೆ ಆ ಕೆಂಪಿಗೆ ಹಚ್ಚಬಹುದು. ಹಚ್ಚಿದ ಜಾಗದ ಆಚೆಗೂ ದದ್ದು ಹಬ್ಬಿದರೆ, ಊದಿದರೆ, ಗುಳ್ಳೆ ಎದ್ದರೆ ಪ್ಯಾಚ್ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಹಚ್ಚುವ ಹೊತ್ತು ದಿನಾ ಒಂದೇ ಇರಲಿ. ಇಲ್ಲಿ 'ಬೆಳಿಗ್ಗೆ' ಎಂದರೆ ನೀವು ಏಳುವ ಹೊತ್ತು. ಕೈಗಾದಲ್ಲಿ ರಾತ್ರಿ ಪಾಳಿ ಮಾಡುವವರಿಗೂ, ರಾತ್ರಿಯಿಡೀ ಆಟ ಕುಣಿದು ಹಗಲು ಮಲಗುವ ಯಕ್ಷಗಾನದವರಿಗೂ ಮಧ್ಯಾಹ್ನವೇ ಬೆಳಿಗ್ಗೆ. ರಾತ್ರಿಯೂ ಇಟ್ಟುಕೊಂಡರೆ ಕೆಲವರಿಗೆ ವಿಪರೀತ ಕನಸು ಬೀಳುತ್ತದೆ, ಬಣ್ಣ ಬಣ್ಣದ, ಎದ್ದ ಮೇಲೂ ಬಿಡದ ಕನಸು. ಅಂಥವರು ಮಲಗುವಾಗ ತೆಗೆದುಬಿಡಬಹುದು. ಆದರೆ ಅದಕ್ಕೆ ಬೆಲೆಯಿದೆ: ರಕ್ತದ ನಿಕೋಟಿನ್ ಕೆಲವೇ ಗಂಟೆಗಳಲ್ಲಿ ಇಳಿದು, ಬೆಳಗಿನ ಹಪಹಪಿ ಜೋರಾಗುತ್ತದೆ, ಹೊಸ ಪ್ಯಾಚ್ ಏರಲು ಮತ್ತೆ ಗಂಟೆಗಟ್ಟಲೆ. ಎದ್ದ ಕೂಡಲೆ ಸೇದುವ ಅಭ್ಯಾಸದವರು ಮೊದಲ ಎರಡು ವಾರ ಕನಸನ್ನು ಸಹಿಸಿಕೊಂಡು ರಾತ್ರಿಯೂ ಇಟ್ಟುಕೊಳ್ಳುವುದೇ ಮೇಲು.

ಪ್ಯಾಚಿನಿಂದ ಆಗದ ಕೆಲಸ ಒಂದಿದೆ. ಚಾ ಕುಡಿದಾಗ, ಮೀನೂಟ ಮುಗಿದಾಗ, ಬಸ್ಸಿಗೆ ಕಾಯುವಾಗ ಧುತ್ತೆಂದು ಏಳುವ ಸೆಳೆತವನ್ನು ಅದು ಹಿಡಿದು ನಿಲ್ಲಿಸಲಾರದು. ಈ ಸೆಳೆತ ನಿಲ್ಲುವುದು ಕೆಲವೇ ನಿಮಿಷ, ಆದರೆ ಆ ಕೆಲವು ನಿಮಿಷದಲ್ಲೇ ಎಲ್ಲ ಹಾಳಾಗುವುದು. ಅದಕ್ಕೆ ಜೊತೆಯಲ್ಲಿ ನಿಕೋಟಿನ್ ಗಮ್ ಬೇಕು. ಪ್ಯಾಚ್ ಒಂದನ್ನೇ ಬಳಸುವವರಿಗಿಂತ ಪ್ಯಾಚೂ ಗಮ್ಮೂ ಬಳಸುವವರು ಗೆಲ್ಲುವ ಸಂಭವ ಸುಮಾರು ಕಾಲು ಭಾಗ ಹೆಚ್ಚು ಎಂಬುದು ಹತ್ತಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡದ್ದು. ಎದ್ದ 30 ನಿಮಿಷದೊಳಗೆ ಸೇದುವವರಿಗೆ 4 ಮಿಲಿಗ್ರಾಂ, ಉಳಿದವರಿಗೆ 2.

ಗಮ್ಮನ್ನು ಬಬಲ್ ಗಮ್ಮಿನಂತೆ ಅಗಿದರೆ ನಿಕೋಟಿನ್ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ, ವಾಕರಿಕೆ ಮಾತ್ರ ಸಿಗುತ್ತದೆ. ಖಾರ ಅನ್ನಿಸುವವರೆಗೆ ನಿಧಾನವಾಗಿ ಅಗಿದು ಕೆನ್ನೆ ಮತ್ತು ವಸಡಿನ ನಡುವೆ ಒತ್ತಿ ಇಡಬೇಕು. ಖಾರ ಹೋದಾಗ ಮತ್ತೆ ನಾಲ್ಕು ಸಲ ಅಗಿದು ಬೇರೆ ಬದಿಗೆ. ಹೀಗೆ ಅರ್ಧ ಗಂಟೆ. ಕವಳ ಹಾಕುವವರಿಗೆ ಇದನ್ನು ಕಲಿಸಬೇಕಾಗಿಲ್ಲ.

ಕವಳದವರಿಗೆ ಇನ್ನೊಂದು ಗುಟ್ಟೂ ಗೊತ್ತು: ಸುಣ್ಣ ಸರಿಯಾಗಿ ಹಚ್ಚಿದರೆ ಹೊಗೆಸೊಪ್ಪು 'ಏರುತ್ತದೆ'. ಸುಣ್ಣ ಕ್ಷಾರ; ಬಾಯಿ ಕ್ಷಾರವಾದಾಗ ನಿಕೋಟಿನ್ ಕೆನ್ನೆಯ ತೆಳು ಚರ್ಮವನ್ನು ಸಲೀಸಾಗಿ ದಾಟುತ್ತದೆ. ಗಮ್ಮಿನಲ್ಲೂ ಇದೇ ಕೆಲಸಕ್ಕೆ ಸ್ವಲ್ಪ ಕ್ಷಾರ ಸೇರಿಸಿರುತ್ತಾರೆ. ಇದರ ತದ್ವಿರುದ್ಧ ಹುಳಿ. ಬಾಯಲ್ಲಿ ಹುಳಿಯಿದ್ದರೆ ನಿಕೋಟಿನ್ ದಾಟುವುದೇ ಇಲ್ಲ, ಗಮ್ ದುಡ್ಡು ದಂಡ. ಕೈಚೀಟಿಗಳಲ್ಲಿ 'ಕಾಫಿ, ಹಣ್ಣಿನ ರಸ ಕುಡಿಯಬೇಡಿ' ಎಂದಿರುತ್ತದೆ. ನಮ್ಮಲ್ಲಿ ಹೇಳಬೇಕಾದ ಪಟ್ಟಿ ಬೇರೆ: ಕೋಕಂ ಶರಬತ್ತು, ಸೋಲ್ ಕಡಿ, ಅಪ್ಪೆಹುಳಿ, ಮಜ್ಜಿಗೆ, ನಿಂಬೆ ಪಾನಕ, ಉಪ್ಪಿನಕಾಯಿ. ಊಟದ ಕೊನೆಗೆ ಒಂದು ಲೋಟ ಅಪ್ಪೆಹುಳಿ ಕುಡಿದು ಗಮ್ ಬಾಯಿಗೆ ಹಾಕಿದರೆ ಖಾರವೇ ಬರುವುದಿಲ್ಲ, ಊಟದ ನಂತರದ ಸೆಳೆತ ಗೆದ್ದುಬಿಡುತ್ತದೆ. ಹುಳಿ ಕುಡಿದ ಮೇಲೆ ಬಾಯಿ ಮುಕ್ಕಳಿಸಿ, 15 ನಿಮಿಷ ಬಿಟ್ಟು ಗಮ್ ಹಾಕಿ. ಗಮ್ ಬಾಯಲ್ಲಿರುವಾಗ ನೀರೂ ಬೇಡ.

ಚಹಾದ ಮಾತು ಬಂದದ್ದಕ್ಕೆ ಇನ್ನೊಂದು. ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತಿನಲ್ಲಿ ಕೆಫೀನನ್ನು ಬೇಗ ಬೇಗ ಒಡೆಯುವ ಕಿಣ್ವವನ್ನು ಎಬ್ಬಿಸಿ ಇಟ್ಟಿರುತ್ತವೆ. ಸೇದುವುದು ನಿಂತಾಗ ಆ ಕಿಣ್ವ ತಣ್ಣಗಾಗುತ್ತದೆ, ಕುಡಿದ ಚಾ-ಕಾಫಿಯ ಕೆಫೀನು ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ದಿನಕ್ಕೆ ಆರು ಚಾ ಕುಡಿಯುತ್ತಿದ್ದವರಿಗೆ ಅದೇ ಆರು ಹತ್ತು-ಹನ್ನೆರಡರ ಹಾಗೆ ತಾಗುತ್ತದೆ. ಕೈ ನಡುಕ, ನಿದ್ದೆಯಿಲ್ಲ, ಎದೆ ಡವಡವ. ಇದನ್ನು ಚಟ ಬಿಟ್ಟದ್ದರ ಸಂಕಟ ಎಂದುಕೊಂಡು ಮತ್ತೆ ಸೇದುವವರು ಎಷ್ಟೋ. ಚಾ ಅರ್ಧಕ್ಕಿಳಿಸಿ, ಶಿರಸಿ ಕಡೆಯವರಿಗೆ ಜೀರಿಗೆ-ಕೊತ್ತಂಬರಿ ಕಷಾಯ ಮನೆಯಲ್ಲೇ ಇದೆ. ಇದೇ ಕಾರಣಕ್ಕೆ ದಮ್ಮಿನ ಕಾಯಿಲೆಗೆ (ಉಬ್ಬಸಕ್ಕೆ) ಡೆರಿಫಿಲಿನ್‌ನಂಥ ಥಿಯೋಫಿಲಿನ್ ಇರುವ ಮಾತ್ರೆ ತೆಗೆದುಕೊಳ್ಳುವವರು ಸಿಗರೇಟು ಬಿಡುವ ಮೊದಲೇ ವೈದ್ಯರಿಗೆ ಹೇಳಬೇಕು, ಹಳೆಯ ಡೋಸೇ ಹೆಚ್ಚಾಗಿಬಿಡಬಹುದು. ಮಾನಸಿಕ ಕಾಯಿಲೆಗೆ ಕ್ಲೋಜಪಿನ್, ಒಲಾಂಜಪಿನ್ ತೆಗೆದುಕೊಳ್ಳುವವರಿಗೂ ಇದೇ ಮಾತು. ಇನ್ಸುಲಿನ್ ಚುಚ್ಚಿಕೊಳ್ಳುವವರು ಮೊದಲ ಕೆಲವು ವಾರ ಸಕ್ಕರೆಯನ್ನು ಹೆಚ್ಚು ಸಲ ನೋಡಿಕೊಳ್ಳಲಿ.

ಸೇದದಿದ್ದರೆ ಬೆಳಿಗ್ಗೆ ಹೊಟ್ಟೆ ಖಾಲಿಯಾಗುವುದಿಲ್ಲ ಎಂಬುದು ಯಾರೂ ಬರೆಯದ, ಎಲ್ಲರೂ ಹೇಳುವ ತೊಂದರೆ. ಅದು ನೆಪವಲ್ಲ, ನಿಕೋಟಿನ್ ಕರುಳನ್ನು ನಿಜವಾಗಿಯೂ ಓಡಿಸುತ್ತದೆ. ಎದ್ದು ಎರಡು ಲೋಟ ಬಿಸಿನೀರು, ಊಟಕ್ಕೆ ಬಸಳೆ, ಹರಿವೆ, ರಾತ್ರಿ ಬಾಳೆಹಣ್ಣು. ಒಂದೆರಡು ವಾರದಲ್ಲಿ ದಾರಿಗೆ ಬರುತ್ತದೆ. ಬಿಟ್ಟ ಮೇಲೆ ಕೆಮ್ಮು ಸ್ವಲ್ಪ ಹೆಚ್ಚಾದರೂ ಗಾಬರಿ ಬೇಡ, ಶ್ವಾಸನಾಳ ತನ್ನನ್ನು ತಾನು ಗುಡಿಸಿಕೊಳ್ಳಲು ಶುರು ಮಾಡಿರುತ್ತದೆ. ಕಫದಲ್ಲಿ ರಕ್ತ ಕಂಡರೆ, ಕೆಮ್ಮು ಎರಡು ವಾರ ದಾಟಿದರೆ ಮಾತ್ರ ತೋರಿಸಿಕೊಳ್ಳಿ.

ಈಗ ಕವಳ. ಸಿಗರೇಟು ಬಿಟ್ಟೆ ಎಂದು ಊರಿಗೆಲ್ಲ ಹೇಳಿ, ಎಲೆ-ಅಡಿಕೆ-ಸುಣ್ಣದ ಜೊತೆ ಚೂರು ಹೊಗೆಸೊಪ್ಪು ಸೇರಿಸಿಕೊಂಡು ದಿನಕ್ಕೆ ಎಂಟು ಕವಳ ಹಾಕಿದರೆ ಬಿಟ್ಟದ್ದು ಹೊಗೆ, ತಂಬಾಕಲ್ಲ. ಜೊತೆಗೆ ಪ್ಯಾಚೂ ಇದ್ದರೆ ನಿಕೋಟಿನ್ ಎರಡು ಕಡೆಯಿಂದ ಬರುತ್ತದೆ, ವಾಕರಿಕೆ ಖಂಡಿತ. ಗುಟ್ಕಾ ಕರ್ನಾಟಕದಲ್ಲಿ 2013ರಿಂದ ನಿಷೇಧವಾಗಿದ್ದರೂ ಪಾನ್ ಮಸಾಲೆಯ ಚೀಟಿಯೂ ತಂಬಾಕಿನ ಚೀಟಿಯೂ ಬೇರೆ ಬೇರೆಯಾಗಿ ಸಿಗುವುದರಿಂದ ಅದೇ ದಾರಿ ಹಿಡಿಯುವವರೂ ಇದ್ದಾರೆ. ಹೊಗೆಸೊಪ್ಪಿಲ್ಲದ ಕವಳ ಆಗಬಹುದಲ್ಲ ಎಂಬ ಪ್ರಶ್ನೆಗೆ ಅಡಿಕೆ ಬೆಳೆಯುವ ಸೀಮೆಯಲ್ಲಿ ಉತ್ತರ ಹೇಳುವುದು ಕಷ್ಟ, ಆದರೂ ಹೇಳಬೇಕು: ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನೇ, ತಂಬಾಕು ಸೇರದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಬಾಯಿಗೆ ಏನಾದರೂ ಬೇಕೇ ಬೇಕು ಎಂದರೆ ಲವಂಗ, ಏಲಕ್ಕಿ, ಬಡೆಸೋಪು, ಒಣಶುಂಠಿ ಇವೆ. ಕವಳವನ್ನಷ್ಟೇ ಹಾಕುವವರಿಗೆ, ಅಂದರೆ ಸೇದದವರಿಗೆ, ಪ್ಯಾಚಿನಿಂದ ಎಷ್ಟು ಪ್ರಯೋಜನ ಎಂಬುದಕ್ಕೆ ಆಧಾರ ಸೇದುವವರಷ್ಟು ಗಟ್ಟಿಯಿಲ್ಲ. ಅವರು ವೈದ್ಯರ ಮೂಲಕವೇ ಹೋಗಲಿ.

ಡೋಸು ಹೆಚ್ಚೋ ಕಡಿಮೆಯೋ ಎಂದು ಮೈಯೇ ಹೇಳುತ್ತದೆ. ವಾಕರಿಕೆ, ತಲೆನೋವು, ತಲೆಸುತ್ತು, ತಣ್ಣನೆ ಬೆವರು, ಎದೆಬಡಿತ ಇವು ಹೆಚ್ಚಾದದ್ದರ ಗುರುತು: ಪ್ಯಾಚ್ ತೆಗೆದು ಆ ಜಾಗವನ್ನು ಬರೀ ನೀರಿನಿಂದ ತೊಳೆಯಿರಿ, ಕಡಿಮೆಯಾದ ಮೇಲೆ ಒಂದು ಮೆಟ್ಟಿಲು ಕೆಳಗಿನದಕ್ಕೆ ಹೋಗಿ, ಕಡಿಮೆಯಾಗದಿದ್ದರೆ ಆಸ್ಪತ್ರೆಗೆ. ನಾಲ್ಕೈದು ದಿನ ಕಳೆದರೂ ಸಿಟ್ಟು, ಚಡಪಡಿಕೆ, ದಿನವಿಡೀ ಅದೇ ಯೋಚನೆ ಎಂದರೆ ಸಾಲದು ಎಂದರ್ಥ. ಜನ ಹೆದರುವುದು ಮೊದಲನೆಯದಕ್ಕೆ, ಆಗುವುದು ಹೆಚ್ಚಾಗಿ ಎರಡನೆಯದು.

ಪ್ಯಾಚ್ ಇರುವಾಗ ಸೇದಿದರೆ ಹಾರ್ಟ್ ಅಟ್ಯಾಕ್ ಆಗುತ್ತದೆ ಎಂಬ ಭಯ ಈಗಲೂ ಇದೆ. ಜೊತೆಯಲ್ಲಿ ಸೇದಬೇಡಿ ಎಂಬ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ 2013ರಲ್ಲಿ ಡಬ್ಬಿಯ ಮೇಲಿಂದ ಕೈಬಿಡಲು ಹೇಳಿತು, ದೊಡ್ಡ ಅಪಾಯ ಕಂಡಿಲ್ಲವಾದ್ದರಿಂದ. ಸೇದಿ ಎಂದಲ್ಲ. ಕಾಲು ಜಾರಿ ಒಂದು ಸೇದಿದರೆ ಹೆದರಿ ಪ್ಯಾಚ್ ಕಿತ್ತೆಸೆಯಬೇಡಿ ಎಂದು. ಸಿಗರೇಟು ಎಸೆಯಿರಿ, ಪ್ಯಾಚ್ ಇರಲಿ, ನಾಳೆ ಹೊಸದು ಹಚ್ಚಿ.

ಯಾವಾಗ ಶುರು ಮಾಡುವುದು? ಮೀನುಗಾರರಿಗೆ ಲೆಕ್ಕ ಚೆನ್ನಾಗಿ ಕೂಡಿ ಬರುತ್ತದೆ. ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಜೂನ್ 1ಕ್ಕೆ 21 ಹಚ್ಚಿದರೆ ಜುಲೈ 12ಕ್ಕೆ ಆರು ವಾರ, ಜುಲೈ 26ರವರೆಗೆ 14, ಆಗಸ್ಟ್ 9ರವರೆಗೆ 7. ಬೈತಖೋಲದಿಂದಲೋ ತದಡಿಯಿಂದಲೋ ಬೋಟು ಮತ್ತೆ ಹೊರಡುವಾಗ ಮೈಮೇಲೆ ಕೊನೆಯ ಹಂತದ ಪ್ಯಾಚ್ ಇರುತ್ತದೆ, ಅತಿ ಕಷ್ಟದ ವಾರಗಳು ಬೋಟಿನ ಮೇಲೆ ಸೇದುವ ಜೊತೆಗಾರರಿಂದ ದೂರ ದಡದಲ್ಲೇ ಕಳೆದಿರುತ್ತವೆ. ಮಳೆಗಾಲದ ತಂಪಿಗೆ ಅಂಟೂ ನಿಲ್ಲುತ್ತದೆ. ಕೆಲಸವಿಲ್ಲದ ಬೇಸರ, ಸಂಜೆಯ ಕುಡಿತ ಇವು ಮಾತ್ರ ಈ ಎರಡು ತಿಂಗಳ ಅಪಾಯ. ಕುಡಿದಾಗ ಸೇದದೆ ಇರಬಲ್ಲವರು ಬಹಳ ಕಡಿಮೆ. ತೋಟದವರು ಅಡಿಕೆ ಸುಲಿಯುವ ರಾತ್ರಿಗಳ ನಡುವೆ ಶುರು ಮಾಡದಿರುವುದೇ ಕ್ಷೇಮ.

ಇತ್ತೀಚೆಗೆ, ಅಂದರೆ ಎರಡು ವಾರದೊಳಗೆ, ಹೃದಯಾಘಾತವಾದವರು, ಎದೆಬಡಿತದ ಲಯ ಗಂಭೀರವಾಗಿ ತಪ್ಪಿದವರು, ಎದೆನೋವು ಹೆಚ್ಚುತ್ತಿರುವವರು, ಗರ್ಭಿಣಿಯರು, ಎದೆಹಾಲು ಕುಡಿಸುವವರು, 18 ತುಂಬದವರು ವೈದ್ಯರನ್ನು ಕೇಳದೆ ಹಚ್ಚಬಾರದು. ಮಣಿಪಾಲಕ್ಕೋ ಹುಬ್ಬಳ್ಳಿಗೋ ಎಂಆರ್‌ಐ ಮಾಡಿಸಲು ಹೋದರೆ ಮೊದಲು ಪ್ಯಾಚ್ ತೆಗೆಯಿರಿ. ಕೆಲವುಗಳ ಹಿಂಬದಿಯಲ್ಲಿ ಅಲ್ಯೂಮಿನಿಯಂ ಪದರವಿದೆ, ಯಂತ್ರದೊಳಗೆ ಅದು ಬಿಸಿಯಾಗಿ ಚರ್ಮ ಸುಡುತ್ತದೆ.

ತೆಗೆದ ಪ್ಯಾಚಿನಲ್ಲಿ ನಿಕೋಟಿನ್ ಇನ್ನೂ ಸಾಕಷ್ಟು ಉಳಿದಿರುತ್ತದೆ. ಅಂಟಿನ ಬದಿ ಒಳಗೆ ಬರುವಂತೆ ಮಡಚಿ, ಹೊಸದರ ಖಾಲಿ ಚೀಲದೊಳಗೆ ಹಾಕಿ, ಮುಚ್ಚಳವಿರುವ ಬುಟ್ಟಿಗೆ ಹಾಕಿ. ಅಂಗಳಕ್ಕೆ ಎಸೆದರೆ ನಾಯಿ, ಕರು ಬಾಯಿ ಹಾಕುತ್ತವೆ. ಮಕ್ಕಳು ಸ್ಟಿಕ್ಕರಿನಂತೆ ಅಂಟಿಸಿಕೊಳ್ಳುತ್ತಾರೆ. ಹಾಗಾದರೆ ಕೂಡಲೆ ತೆಗೆದು, ನೀರಿನಿಂದ ತೊಳೆದು ಆಸ್ಪತ್ರೆಗೆ ಒಯ್ಯಬೇಕು. ಹೊಸ ಪೆಟ್ಟಿಗೆಯನ್ನು ಬೈಕಿನ ಡಿಕ್ಕಿಯಲ್ಲಿ, ಬಿಸಿಲಿನ ಕಿಟಕಿಯಲ್ಲಿ ಇಡಬೇಡಿ.

2 ಮಿಲಿಗ್ರಾಂ ಗಮ್ ಸಣ್ಣ ಅಂಗಡಿಗಳಲ್ಲೂ ಸಿಗುತ್ತದೆ. ಪ್ಯಾಚ್ ಸಣ್ಣ ಊರುಗಳ ಮೆಡಿಕಲ್ ಅಂಗಡಿಯಲ್ಲಿ ಯಾವಾಗಲೂ ಇರುವುದಿಲ್ಲ, ವೈದ್ಯರ ಚೀಟಿ ಹಿಡಿದು ಎರಡು-ಮೂರು ದಿನ ಮೊದಲೇ ಹೇಳಿ ತರಿಸಬೇಕು. ಹತ್ತು ವಾರದ್ದನ್ನು ಒಮ್ಮೆಲೇ ಕೊಳ್ಳುವುದು ಬೇಡ, ಮೊದಲ ವಾರದ ಏಳು ಸಾಕು. ಚರ್ಮಕ್ಕೆ ಒಗ್ಗಿತೋ, ಡೋಸು ಸರಿಯೋ ನೋಡಿಕೊಂಡು ಮುಂದಿನದು. ಆದರೆ ಎರಡನೆಯ ವಾರದ್ದು ಮನೆಗೆ ಬರುವ ಮೊದಲು ಮೊದಲನೆಯದು ಮುಗಿಯಬಾರದು. ಭಾನುವಾರ ಪ್ಯಾಚ್ ಖಾಲಿ, ಅಂಗಡಿ ಬಂದ್ ಎಂದು ತಪ್ಪಿದವರೂ ಇದ್ದಾರೆ. ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ತಂಬಾಕು ಬಿಡಿಸುವ ಕೇಂದ್ರಗಳಿವೆ, ಅಲ್ಲಿ ವಿಚಾರಿಸಿ. ಸಿಗರೇಟಿನ ಪ್ಯಾಕಿನ ಮೇಲೇ ಅಚ್ಚಾಗಿರುವ 1800-11-2356 ಉಚಿತ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಲ್ಲೇ ಮಾತನಾಡುತ್ತಾರೆ. ಅದನ್ನು ತಮಾಷೆ ಮಾಡುವವರು ಹೆಚ್ಚು, ಬಳಸುವವರು ಕಡಿಮೆ. ಬರೀ ಔಷಧಿಗಿಂತ ಔಷಧಿ ಜೊತೆ ಮಾತುಕತೆಯೂ ಇದ್ದವರೇ ಹೆಚ್ಚು ಗೆಲ್ಲುವುದು.

ಗೆಲ್ಲುವ ಲೆಕ್ಕವನ್ನೂ ಮುಚ್ಚಿಡಬೇಕಾಗಿಲ್ಲ. ಏನೂ ಇಲ್ಲದೆ ಬಿಡಲು ಹೊರಟ ನೂರು ಜನರಲ್ಲಿ ಹತ್ತು ಮಂದಿ ದಡ ಸೇರುತ್ತಾರೆ ಎಂದಿಟ್ಟುಕೊಂಡರೆ, ಇಂಥ ನಿಕೋಟಿನ್ ಔಷಧಿ ಬಳಸಿದಾಗ ಅದು ಹದಿನೈದು-ಹದಿನಾರಾಗುತ್ತದೆ. ಮಂತ್ರವಲ್ಲ, ಆದರೆ ಹತ್ತಕ್ಕೆ ಐದು-ಆರು ಹೆಚ್ಚು ಎಂಬುದು ಸಣ್ಣದೂ ಅಲ್ಲ. ಮೊದಲ ಸಲ ಆಗದಿದ್ದರೆ ಎರಡನೆಯ ಸಲಕ್ಕೆ ಪ್ಯಾಚ್ ಎಲ್ಲಿ ಬಿದ್ದಿತು, ಯಾವ ಚಹಾದ ಹೊತ್ತಿಗೆ ಜಾರಿದಿರಿ ಎಂಬ ನೆನಪು ಬಹಳ ಉಪಯೋಗಕ್ಕೆ ಬರುತ್ತದೆ.

ಕೊನೆಯ 7ರ ಪ್ಯಾಚ್ ತೆಗೆದ ಮೇಲೂ 2 ಮಿಲಿಗ್ರಾಂ ಗಮ್ಮಿನ ಒಂದು ಹಾಳೆ ಜೇಬಿನಲ್ಲಿರಲಿ, ಮೊದಲು ಸಿಗರೇಟಿನ ಪ್ಯಾಕ್ ಇರುತ್ತಿದ್ದ ಜೇಬಿನಲ್ಲೇ. ಮದುವೆ ಮನೆಯ ಹಿತ್ತಿಲು, ಆಟದ ಬಯಲಿನ ಚಾದಂಗಡಿ, ಬಹಳ ದಿನದ ಮೇಲೆ ಸಿಕ್ಕ ಹಳೆಯ ಗೆಳೆಯ ಇವು ಮೂರನೆಯ, ನಾಲ್ಕನೆಯ ತಿಂಗಳಲ್ಲಿ ಬರುವಂಥವು. ಹಾಳೆ ಬಳಸದೆಯೇ ಬಹಳ ದಿನ ಉಳಿದಿದ್ದರೆ ಹಿಂಬದಿಯ ಎಕ್ಸ್‌ಪೈರಿ ತಾರೀಖು ನೋಡಿ ಬದಲಿಸಿ.